ಆಮೆಗೆ ಗಾಜು ಕೊಡಲ್ಲ ಅಂದವನು

"ಕೊಡಲ್ಲ."

"ಏನಂದ್ರಿ?!"

"ಕೊಡಲ್ಲ ಅಂದೆ ಮೇಡಂ. ಮೀನಿಗೆ ಅಂದ್ರೆ ಈಗ್ಲೇ ಮಾಡಿಕೊಡ್ತೀನಿ. ಆಮೆಗೆ ಅಂದ್ರೆ ಗಾಜಿನ ಪೆಟ್ಟಿಗೆ ಕೊಡಲ್ಲ."

ಅವಳಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ಬೀಗ ಮಾರುವವನು ಬೀಗ ಕೊಡಲ್ಲ ಅನ್ನುವುದುಂಟೇ? ಚಪ್ಪಲಿ ಮಾರುವವನು ನಿಮ್ಮ ಕಾಲಿಗೆ ಬೇಡ ಅನ್ನುವುದುಂಟೇ? ಇಲ್ಲಿ ನೋಡಿದರೆ ಗಾಜು ಮಾರುವವನು, ಗಾಜಿನ ಮಧ್ಯದಲ್ಲೇ ನಿಂತುಕೊಂಡು, ಗಾಜು ಕೊಡಲ್ಲ ಅನ್ನುತ್ತಿದ್ದಾನೆ!

ಆ ಅಂಗಡಿಯ ಗೋಡೆ ತುಂಬ ಕನ್ನಡಿಗಳು. ಒಂದೊಂದರಲ್ಲೂ ಅವಳದೇ ಮುಖ. ನಲವತ್ತು ಮುಖ, ನಲವತ್ತೂ ಕೆಂಪಗೆ. ಅವಳ ಸಿಟ್ಟಿನ ಕಾವಿಗೆ ಹತ್ತಿರವಿದ್ದ ಎರಡು ಕನ್ನಡಿ ಬೆವರಿದವಂತೆ. ನಂಬದವರು ಹೋಗಿ ಆ ಕನ್ನಡಿಗಳನ್ನೇ ಕೇಳಿಕೊಳ್ಳಿ.

"ಯಾಕ್ರೀ ಕೊಡಲ್ಲ? ನೀವೇನು ಆಮೆಯ ಚಿಕ್ಕಪ್ಪನಾ?"

ಅವನು ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದು, ಮತ್ತೆ ಅಲ್ಲೇ ಸಿಕ್ಕಿಸಿದ.

"ಆಮೆಗೆ ಗಾಜು ಅಂದ್ರೆ ಗೋಡೆ ಅಂತ ಗೊತ್ತಾಗಲ್ಲ. ಆಚೆ ಕಾಣುತ್ತಲ್ಲ, ದಾರಿ ಇದೆ ಅಂದ್ಕೊಳ್ಳುತ್ತೆ. ಬೆಳಗ್ಗೆಯಿಂದ ಸಂಜೆವರೆಗೆ ಮೂಗು ತಿಕ್ಕುತ್ತಾ ನಡೀತಾನೇ ಇರುತ್ತೆ. ಹಲಗೆ ಪೆಟ್ಟಿಗೆ ಮಾಡಿಸಿ."

"ಸರಿ. ಮೀನಿಗೇ ಅಂದ್ಕೊಳ್ಳಿ."

"ಯಾವ ಮೀನು?"

"ನಡೆಯೋ ಮೀನು!"

ಅವನ ತುಟಿಯ ಒಂದು ಮೂಲೆ ಮೇಲೇರಿತು. ಅಷ್ಟೇ. ಆ ಒಂದು ಮೂಲೆಯೇ ಅವಳ ತಲೆಗೆ ಬೆಂಕಿ ಇಟ್ಟಿತು.

"ನಗ್ತೀರಾ? ಇನ್ನು ಈ ಅಂಗಡಿ ಮೆಟ್ಟಿಲು ಹತ್ತಿದ್ರೆ ಕೇಳಿ!"

"ಮೆಟ್ಟಿಲು ಇಲ್ಲ ಮೇಡಂ, ನೆಲಕ್ಕೇ ಇದೆ ಅಂಗಡಿ..."

ಅವಳು ಹೊರಗೆ ಬಂದು ಬಾಗಿಲು ದಢಾರನೆ ಹಾಕಬೇಕೆಂದು ನೋಡಿದಳು. ಅದೂ ಗಾಜಿನದೇ! ಮೆತ್ತಗೆ ಹಾಕಬೇಕಾಯಿತು. ಅವತ್ತಿನ ದೊಡ್ಡ ಅವಮಾನ ಅದೇ.

* * *

ಅವಳದು ಎರಡು ಬೀದಿ ಆಚೆ ಪರದೆ ಹೊಲಿಯುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಒಂದು ಕೋಣೆ, ಅಷ್ಟೇ ಅವಳ ರಾಜ್ಯ. ಮನೆಮಂದಿ ಅವಳಿಗೆ ಇಟ್ಟ ಹೆಸರು ಪಟಾಕಿ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆಮೆ ಅವಳ ಸೋದರತ್ತೆಯದು. ದೊಡ್ಡ ತಟ್ಟೆಯಷ್ಟು ಅಗಲ, ಹನ್ನೆರಡು ವರ್ಷ ವಯಸ್ಸು, ನಡಿಗೆಯಲ್ಲಿ ಎಲ್ಲಿಲ್ಲದ ಗತ್ತು. ಅದಕ್ಕೇ ಹೆಸರು ದೊರೆ. ಅತ್ತೆ ಹಿತ್ತಿಲಿದ್ದ ಮನೆ ಬಿಟ್ಟು ಮಗಳ ಮನೆಗೆ, ಐದನೇ ಮಹಡಿಗೆ ಹೊರಟಾಗ ದೊರೆಗೆ ಜಾಗವಿರಲಿಲ್ಲ.

"ನಾನು ಸಾಕ್ತೀನಿ" ಎಂದಿದ್ದಳು ಇವಳು.

ಇಡೀ ಮನೆ ಗೊಳ್ಳೆಂದು ನಕ್ಕಿತು!

"ಪಟಾಕಿ ಸಾಕ್ತಾಳಂತೆ! ಇವಳು ನೀರು ಹಾಕಿದ ಗಿಡ ಒಂದಾದ್ರೂ ಉಳಿದಿದೆಯಾ?"

"ಗಿಡ ಬಿಡಿ, ಮದುವೆ ನಿಶ್ಚಯ ಆದ ಹುಡುಗನೇ ಓಡಿಹೋದ!"

ಓಡಿಹೋದವನು ಹೋಗುವ ಮುಂಚೆ ಒಂದು ಮಾತು ಎಸೆದು ಹೋಗಿದ್ದ. "ನಿನ್ನ ಸಿಟ್ಟಿನ ಪಕ್ಕದಲ್ಲಿ ಯಾವ ಜೀವಾನೂ ಬಾಳಲ್ಲ." ಮೂರು ವರ್ಷವಾಗಿತ್ತು. ಆ ಮಾತು ಮಾತ್ರ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಕೂತಿತ್ತು.

ಅತ್ತೆ ಮಾತ್ರ ನಗಲಿಲ್ಲ. "ಒಂದು ವರ್ಷ ಕೊಡ್ತೀನಿ ಕಣೇ. ಚೆನ್ನಾಗಿ ನೋಡ್ಕೊಂಡ್ರೆ ದೊರೆ ನಿನ್ನವನೇ. ಇಲ್ಲ ಅಂದ್ರೆ ಬೇರೆಯವರಿಗೆ ಕೊಟ್ಟುಬಿಡ್ತೀನಿ, ಅಳಬಾರದು."

'ಅಳೋದಾ? ನಾನಾ? ನೋಡ್ತಾ ಇರಿ!'

ಹಾಗಾಗಿ ಗಾಜಿನ ಪೆಟ್ಟಿಗೆ ಸಿಗದಿದ್ದರೆ ಏನಂತೆ? ಅವಳ ಅಂಗಡಿಯ ಮುಂದೆಯೇ ಆರಡಿ ಉದ್ದದ ಗಾಜಿನ ಕಿಟಕಿ ಇತ್ತು. ಪರದೆ ನೇತುಹಾಕಿ ತೋರಿಸುವ ಜಾಗ. ಪರದೆಗಳನ್ನು ಎತ್ತಿ ಕಟ್ಟಿ, ಮಣ್ಣು ಹರವಿ, ನೀರಿನ ತಟ್ಟೆ ಇಟ್ಟು ದೊರೆಯನ್ನು ಅಲ್ಲಿ ಬಿಟ್ಟಳು. ಬೆಳಗಿನ ಬಿಸಿಲು ನೇರ ಅಲ್ಲಿಗೇ. ಇದಕ್ಕಿಂತ ಅರಮನೆ ಬೇಕೇ?

ದೊರೆ ಒಂದು ಸುತ್ತು ನೋಡಿ, ಗಾಜಿಗೆ ಮೂಗು ಇಟ್ಟು ನಡೆಯತೊಡಗಿತು.

ಕರ್... ಕರ್... ಕರ್...

ಮೊದಲ ದಿನ ಅವಳು ಕೇಳಿಸಿಕೊಳ್ಳಲಿಲ್ಲ. ಎರಡನೇ ದಿನ ಹೊಲಿಗೆ ಯಂತ್ರ ಜೋರಾಗಿ ತುಳಿದಳು. ಮೂರನೇ ದಿನ ನೋಡಿದರೆ ಮೂಗಿನ ತುದಿ ಕೆಂಪಾಗಿತ್ತು.

'ಅಯ್ಯೋ... ಆ ಪೆನ್ಸಿಲಿನವನು ಹೇಳಿದ್ದು ನಿಜ!'

ಅವನು ಸುಳ್ಳುಗಾರ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಅವಳು ಹಲ್ಲು ಕಚ್ಚಿಕೊಂಡು, ಗಾಜಿನ ಕೆಳಭಾಗಕ್ಕೆ ಒಂದು ಗೇಣು ಎತ್ತರದ ದಪ್ಪ ಬಟ್ಟೆಯ ಪಟ್ಟಿ ಹೊಲಿದು ಕಟ್ಟಿದಳು. ಆಚೆ ಕಾಣದಾಯಿತು. ದೊರೆ ನಿಂತಿತು, ಆಕಳಿಸಿತು, ಬಿಸಿಲಿಗೆ ಕಾಲು ಚಾಚಿ ಮಲಗಿತು.

ಸರಿಯಾಗಿ ಆ ಗಳಿಗೆಗೇ ಗಾಜಿನವನು ಸೈಕಲ್ ಮೇಲೆ ಬರಬೇಕೇ! ಹಿಂದೆ ಕಟ್ಟಿದ ಕಿಟಕಿ ಗಾಜು, ಕಿವಿಯಲ್ಲಿ ಅದೇ ಪೆನ್ಸಿಲ್. ಕಾಲೂರಿ ನಿಂತು ಪಟ್ಟಿಯನ್ನು ನೋಡಿದ. ತುಟಿಯ ಮೂಲೆ ಏರಿತು.

ಅವಳು ಕತ್ತರಿ ಹಿಡಿದೇ ಹೊರಗೆ ಬಂದಳು.

"ಏನು ನಗು?"

"ನಗ್ಲಿಲ್ಲ ಮೇಡಂ. ಹೊಲಿಗೆ ನೇರವಾಗಿದೆ ಅಂತ ನೋಡ್ದೆ. ಏನು ತಿನ್ನಿಸ್ತಿದೀರಿ?"

"ಸೌತೆಕಾಯಿ, ಟೊಮೆಟೊ. ಯಾಕೆ, ಅದನ್ನೂ ಕೊಡಬಾರದಾ?"

"ದಿನಾ ಅದೇ ಆದ್ರೆ ಹೊಟ್ಟೆ ನೀರಾಗುತ್ತೆ. ರಸ್ತೆ ಬದಿ ಕಳೆಸೊಪ್ಪು ಇಷ್ಟಪಡುತ್ತೆ."

"ನನ್ನ ಆಮೆ ರಸ್ತೆ ಬದಿ ಕಳೆ ತಿನ್ನಲ್ಲ! ಅದು ದೊರೆ!"

ಮರುದಿನ ಬೆಳಗ್ಗೆ ಅವನು ದಾರದಲ್ಲಿ ಕಟ್ಟಿದ ಒಂದು ಹಿಡಿ ಕಳೆಸೊಪ್ಪನ್ನು ಬಾಗಿಲಲ್ಲಿ ಕೊಟ್ಟು, ಬೈಸಿಕೊಳ್ಳುವ ಮೊದಲೇ ಸೈಕಲ್ ಹತ್ತಿದ. ಅವಳು ಅದನ್ನು ದೊರೆಯ ಮುಂದೆ ಎಸೆದಳು, 'ನೋಡೋಣ, ಮೂಸಿಯೂ ನೋಡಲ್ಲ' ಅಂತ.

ದೊರೆ ದಾರವೊಂದನ್ನು ಬಿಟ್ಟು ಎಲ್ಲ ತಿಂದಿತು.

"ದ್ರೋಹಿ!" ಎಂದಳು ಅವಳು.

* * *

ಆಮೇಲೆ ದಿನವೂ ಅದೇ. ಸೈಕಲ್ ಗಂಟೆ, ಸೊಪ್ಪಿನ ಕಟ್ಟು, ಒಂದು ಜಗಳ. ಉಗುರು ಬೆಚ್ಚಗಿನ ನೀರಲ್ಲಿ ಎಷ್ಟು ಹೊತ್ತು ಕೂರಿಸಬೇಕು ಅಂತ ಜಗಳ. ಚಿಪ್ಪಿಗೆ ಎಣ್ಣೆ ಹಚ್ಚಿ ಹೊಳಪು ಬರಿಸಿದ್ದಕ್ಕೆ ಮಹಾಜಗಳ.

"ಇಷ್ಟೆಲ್ಲ ನಿಮಗೆ ಹೇಗ್ರೀ ಗೊತ್ತು?" ಒಂದು ದಿನ ಕೇಳಿಯೇಬಿಟ್ಟಳು.

ಅವನು ಸೈಕಲ್ಲಿನ ಹಿಡಿ ಒರೆಸುತ್ತಾ ನಿಂತ.

"ಕೆಲಸ ಕಲಿತ ಹೊಸದ್ರಲ್ಲಿ ಒಬ್ಬರ ಆಮೆಗೆ ಗಾಜಿನ ಪೆಟ್ಟಿಗೆ ಮಾಡಿಕೊಟ್ಟೆ. ನಾನು ಮಾಡಿದ್ರಲ್ಲೇ ಚಂದದ್ದು ಅದು. ಎರಡು ತಿಂಗಳಾದ ಮೇಲೆ ಮುಚ್ಚಳ ಸರಿ ಮಾಡೋಕೆ ಹೋದ್ರೆ... ಗಾಜಿನ ತುಂಬ ರಕ್ತದ ಗೆರೆ. ಆಮೇಲೆ ಸಿಕ್ಕಸಿಕ್ಕವರನ್ನೆಲ್ಲ ಕೇಳಿ ತಿಳ್ಕೊಂಡೆ."

ಅವಳು ಏನೋ ಹೇಳಲು ಬಾಯಿ ತೆರೆದಳು. ಬೈಗುಳ ಬರಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಹಾಗಾಗಿದ್ದು! ಅವತ್ತಿನಿಂದ ಸೈಕಲ್ ಗಂಟೆ ಐದು ನಿಮಿಷ ತಡವಾದರೆ ಹೊಲಿಗೆ ಸೊಟ್ಟಗಾಗುತ್ತಿತ್ತು. 'ನನಗೇನು? ಸೊಪ್ಪಿಗೆ ಕಾಯ್ತಿರೋದು ದೊರೆ' ಎಂದು ತನಗೆ ತಾನೇ ಗದರಿಕೊಳ್ಳುತ್ತಿದ್ದಳು.

ಹೀಗೆ ಎಂಟು ತಿಂಗಳು.

ಒಂಬತ್ತನೇ ತಿಂಗಳಲ್ಲಿ ದೊರೆ ಸೊಪ್ಪಿನತ್ತ ತಿರುಗಿ ನೋಡಲಿಲ್ಲ. ನಾಲ್ಕು ದಿನ ಏನೂ ತಿನ್ನಲಿಲ್ಲ. ಹಿಂಗಾಲುಗಳನ್ನು ಎಳೆದುಕೊಂಡು ನಡೆಯಿತು. ಅವಳು ಎತ್ತಿಕೊಂಡಾಗ ಚಿಪ್ಪಿನ ಅಂಚು ಬೆರಳು ಒತ್ತಿದಲ್ಲಿ ಮೆತ್ತಗೆ ಬಗ್ಗಿತು... ಒದ್ದೆ ರಟ್ಟಿನ ಹಾಗೆ.

ಅಂಗಡಿಗೆ ಬೀಗ ಹಾಕಿ ಓಡಿದಳು.

ಪ್ರಾಣಿ ಡಾಕ್ಟರಮ್ಮ ದೊರೆಯನ್ನು ಮೇಜಿನ ಮೇಲೆ ತಿರುಗಿಸಿ ನೋಡಿ, ಕನ್ನಡಕ ತೆಗೆದರು.

"ಏನಮ್ಮಾ, ಇದಕ್ಕೆ ಬಿಸಿಲೇ ತೋರಿಸಿಲ್ವಲ್ಲ?"

"ಏನು?!" ಅವಳ ದನಿಗೆ ಪಕ್ಕದ ಕೋಣೆಯ ನಾಯಿ ಬೊಗಳಿತು. "ಬಿಸಿಲು ತೋರಿಸಿಲ್ವಾ? ಬೆಳಗ್ಗೆಯಿಂದ ಸಂಜೆವರೆಗೆ ಬಿಸಿಲಲ್ಲೇ ಇರುತ್ತೆ ಡಾಕ್ಟ್ರೇ! ಅಂಗಡಿಯ ಪರದೆ ಎಲ್ಲ ಎತ್ತಿ ಕಟ್ಟಿ ಬಿಸಿಲು ಬಿಟ್ಟಿದ್ದೀನಿ!"

"ಎಲ್ಲಿ ಇಟ್ಟಿದ್ದೀರಿ?"

"ಕಿಟಕಿಯಲ್ಲಿ."

"ಗಾಜಿನ ಹಿಂದೆ?"

"...ಹೂಂ."

"ಅದೇ ನೋಡಿ. ಗಾಜು ಬೆಳಕನ್ನ ಬಿಡುತ್ತೆ, ಶಾಖ ಬಿಡುತ್ತೆ. ಮೂಳೆ, ಚಿಪ್ಪು ಗಟ್ಟಿ ಮಾಡೋ ಅಂಶವನ್ನ ತಡೆದುಬಿಡುತ್ತೆ. ಒಂಬತ್ತು ತಿಂಗಳಿಂದ ಇದು ಬಿಸಿಲಿನ ಚಿತ್ರ ನೋಡ್ತಾ ಕೂತಿದೆ ಅಷ್ಟೇ. ಔಷಧಿ ಹನಿ ಕೊಡ್ತೀನಿ. ಆದ್ರೆ ಬಯಲು ಬಿಸಿಲು, ಮಣ್ಣು ನೆಲ ದಿನಾ ಬೇಕೇ ಬೇಕು. ಅಷ್ಟು ಜಾಗ ಇಲ್ಲ ಅಂದ್ರೆ, ಇರೋರಿಗೆ ಕೊಟ್ಟುಬಿಡಿ. ಇದು ಉಳೀಬೇಕಲ್ವಾ?"

ಕೊಟ್ಟುಬಿಡಿ!

ಅವಳು ಬುಟ್ಟಿ ಎತ್ತಿಕೊಂಡು ಬೀದಿಗೆ ಬಂದಳು. ಕಣ್ಣು ತುಂಬಿತ್ತು. ಅದನ್ನು ಒರೆಸಿಕೊಳ್ಳುವಷ್ಟರಲ್ಲಿ ಸಿಟ್ಟು ಬಂದುಬಿಟ್ಟಿತು... ಅವಳಿಗೆ ಅಳುವಿಗಿಂತ ಸಿಟ್ಟು ಯಾವಾಗಲೂ ಒಂದು ಹೆಜ್ಜೆ ಮುಂದೆ.

'ಗಾಜು! ಗಾಜಿನ ಬಗ್ಗೆ ಅವನಿಗೆ ಗೊತ್ತಿರದೇ ಇರುತ್ತಾ? ದಿನಾ ಬಂದು ನೋಡಿದ. ಎಂಟು ತಿಂಗಳು! ಬಾಯಿ ಬಿಡಲಿಲ್ಲ!'

ಮೆಟ್ಟಿಲಿಲ್ಲದ ಆ ಅಂಗಡಿಗೆ ಬಿರುಗಾಳಿಯ ಹಾಗೆ ನುಗ್ಗಿದಳು.

"ಗೊತ್ತಿದ್ದೂ ಸುಮ್ನಿದ್ರಿ ಅಲ್ವಾ? ನಾನು ಸೋಲೋದು ನೋಡೋಕೆ ಆಸೆ ಇತ್ತಾ?"

ಅವಳು ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖ ಸುಣ್ಣದಂತಾಗಿತ್ತು.

"ನಂಗೆ... ಗೊತ್ತಿರ್ಲಿಲ್ಲ. ಇಪ್ಪತ್ತು ವರ್ಷದಿಂದ ಗಾಜು ಕೊಯ್ತಿದ್ದೀನಿ. ಅದು ಬಿಸಿಲನ್ನ ತಡೆಯುತ್ತೆ ಅಂತ..."

"ಸುಳ್ಳು!"

ಅವನು ತಲೆ ತಗ್ಗಿಸಿದ. ಮತ್ತೆ ಒಂದು ಮಾತೂ ಆಡಲಿಲ್ಲ. ಎದುರು ಮಾತಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಆ ಮೌನವನ್ನು ಹೊತ್ತುಕೊಂಡು ಮನೆಗೆ ಹೋಗುವುದು ಬುಟ್ಟಿಗಿಂತ ಭಾರವಾಯಿತು.

ಸಾಲದ್ದಕ್ಕೆ ಮೂರು ದಿನ ಕಳೆದು ಅತ್ತೆಯ ಫೋನು.

"ಪಟಾಕಿ, ಆ ಗಾಜಿನ ಹುಡುಗ ನನ್ನನ್ನ ಹುಡುಕ್ಕೊಂಡು ಬಂದಿದ್ದ ಕಣೇ. ದೊರೆ ವಿಷಯ ಎಲ್ಲ ಹೇಳ್ದ. ನಂಗನ್ಸುತ್ತೆ ದೊರೆ ಅವನ ಜಾಗದಲ್ಲಿದ್ರೇನೇ..."

ಅವಳು ಪಟ್ಟಂತ ಫೋನಿಟ್ಟಳು.

'ಚಾಡಿ ಹೇಳೋಕೆ ಹೋಗಿದ್ದಾನೆ! ನನ್ನ ದೊರೆನ ಕಿತ್ಕೊಳ್ಳೋಕೆ! ಒಂದು ದಿನಾನಾದ್ರೂ ಒಳ್ಳೆಯವನು ಅಂದ್ಕೊಂಡ್ನಲ್ಲ, ನನ್ನ ಬುದ್ಧಿಗಿಷ್ಟು!'

* * *

ಅವಳು ಸೋಲುವವಳಲ್ಲ. ದಿನವೂ ಬೆಳಗ್ಗೆ ಎರಡು ಗಂಟೆ ಅಂಗಡಿ ಮುಂದಿನ ಕಾಲುದಾರಿಯಲ್ಲಿ ಮಣ್ಣಿನ ಬುಟ್ಟಿಯಲ್ಲಿ ದೊರೆಯನ್ನು ಕೂರಿಸಿ, ಪಕ್ಕದಲ್ಲಿ ಸ್ಟೂಲು ಹಾಕಿ ಕಾವಲು ಕೂತಳು. ಮೊದಲ ದಿನ ಒಂದು ಕಾಗೆ ಬಂತು. ಅವಳು ಓಡಿಸಿದ ರಭಸಕ್ಕೆ ಆ ಕಾಗೆ ಇಡೀ ಊರು ದಾಟಿ ಹೋಗಿ, ಅಲ್ಲಿನ ಕಾಗೆಗಳಿಗೆ ಎಚ್ಚರಿಕೆ ಹೇಳಿತಂತೆ. ಎರಡನೇ ದಿನ ಒಬ್ಬ ಬೈಕಿನವನು ಬುಟ್ಟಿಗೆ ಒಂದು ಬೆರಳಷ್ಟೇ ಅಂತರ ಬಿಟ್ಟು ಹೋದ. ಅವನ ವಂಶದವರಿಗೆಲ್ಲ ಅವತ್ತು ಬಿಕ್ಕಳಿಕೆ ಬಂದಿರಬೇಕು. ಗಿರಾಕಿಗಳು ಕಾದು ಕಾದು ಬೈದುಕೊಂಡು ಹೋದರು. ಹೀಗೆ ಎಷ್ಟು ದಿನ?

ಒಂದೇ ಒಂದು ಸಂಗತಿ ಅವಳಿಗೆ ಅರ್ಥವಾಗಲಿಲ್ಲ. ಸೈಕಲ್ ಗಂಟೆ ನಿಂತಿತ್ತು, ಆದರೆ ಸೊಪ್ಪು ನಿಂತಿರಲಿಲ್ಲ. ಅವಳು ಏಳುವ ಮೊದಲೇ ಬಾಗಿಲ ಚಿಲಕಕ್ಕೆ ಒಂದು ಕಟ್ಟು ನೇತಾಡುತ್ತಿತ್ತು. ಎಸೆಯಬೇಕೆಂದರೆ ದೊರೆ ಈಗ ಒಂದೆರಡು ಎಲೆ ತಿನ್ನುವುದು ಅದೊಂದನ್ನೇ.

ಒಂಬತ್ತನೇ ದಿನದ ಕಟ್ಟು ಬಿಚ್ಚಿದಾಗ ದಾರದ ಮೇಲೆ ಕೆಂಪು ಕಲೆ. ರಕ್ತ!

"ರಕ್ತ ಮೆತ್ತಿದ ಸೊಪ್ಪು ನನ್ನ ದೊರೆಗಾ?!"

ಸಿಟ್ಟಿಗೆ ಕೊನೆಗೂ ಒಂದು ನೆಪ ಸಿಕ್ಕಿತ್ತು. ಬುಟ್ಟಿ ಒಂದು ಕೈಯಲ್ಲಿ, ದಾರ ಇನ್ನೊಂದು ಕೈಯಲ್ಲಿ. ಹೊರಟೇಬಿಟ್ಟಳು.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಹಿಂದಿನಿಂದ ಏನೋ ಸದ್ದು.

ಝರ್... ಝರ್... ಝರ್...

ಹಿಂಬಾಗಿಲು ತಳ್ಳಿದಳು. ಹಿತ್ತಿಲು ಅದು. ಬಿಸಿಲು ಧಾರಾಳವಾಗಿ ಬಿದ್ದಿತ್ತು. ಮಧ್ಯದಲ್ಲಿ ಸ್ಟೂಲ್ ಮೇಲೆ... ಅತ್ತೆ! ನೆಲದಲ್ಲಿ ಮಂಡಿಯೂರಿ ಗಾಜಿನವನು ಜರಡಿ ಆಡಿಸುತ್ತಿದ್ದ. ಪಕ್ಕದಲ್ಲಿ ನಾಲ್ಕು ಬಕೆಟ್. ನಾಲ್ಕರ ತುಂಬ ಗಾಜಿನ ಚೂರು. ಸಾಸಿವೆಯಷ್ಟು ಸಣ್ಣವು, ಬೆರಳುದ್ದದವು. ಅವನ ಎರಡೂ ಕೈಗೆ ಬಟ್ಟೆ ಸುತ್ತಿತ್ತು.

"ಅತ್ತೇ! ನೀನಿಲ್ಲೇನು ಮಾಡ್ತಿದ್ದೀಯಾ? ನನ್ನ ಬೆನ್ನ ಹಿಂದೆ ಇಬ್ಬರೂ ಸೇರ್ಕೊಂಡು..."

"ಪಟಾಕಿ, ಆಮೇಲೆ ಸಿಡಿ. ಮೊದಲು ಕಣ್ಣು ಬಿಟ್ಟು ನೋಡು." ಅತ್ತೆ ಕೋಲಿನಿಂದ ತೋರಿಸಿದರು. "ಇಪ್ಪತ್ತು ವರ್ಷದಿಂದ ಒಡೆದ ಗಾಜೆಲ್ಲ ಈ ಹಿತ್ತಿಲಲ್ಲೇ ಬಿದ್ದಿತ್ತು. ಒಂದು ಮೊಳ ಆಳದವರೆಗೆ ಮಣ್ಣೆಲ್ಲ ಜರಡಿ ಹಿಡಿದಿದ್ದಾನೆ ಹುಡುಗ. ನನ್ನ ಹತ್ರ ಬಂದಿದ್ದು ಚಾಡಿ ಹೇಳೋಕಲ್ಲ. ಹಳೇ ಹಿತ್ತಿಲಲ್ಲಿ ದೊರೆ ಎಲ್ಲಿ ಮಲಗ್ತಿತ್ತು, ಎಷ್ಟು ನೆರಳು, ಎಷ್ಟು ಬಿಸಿಲು ಅಂತ ಕೇಳೋಕೆ. ನಾನು ಹೇಳೋಷ್ಟರಲ್ಲಿ ನೀನು ಫೋನಿಟ್ಟೆ. ಮಾತು ಮುಗಿಯೋತನಕ ಕೇಳಿದ್ದೀಯಾ ಯಾವತ್ತಾದ್ರೂ?"

ಅವಳು ನೋಡಿದಳು. ಸುತ್ತ ಹಲಗೆಯ ಬೇಲಿ, ಎಲ್ಲೂ ಗಾಜಿಲ್ಲ. ಹತ್ತಿ ಇಳಿಯಲು ಎರಡು ಇಟ್ಟಿಗೆ. ನೀರಿನ ತಟ್ಟೆ. ಮೂಲೆಯಲ್ಲಿ, ಬೇರು ಸಮೇತ ತಂದು ಸಾಲಾಗಿ ನೆಟ್ಟ ಕಳೆಗಿಡಗಳು.

ಎಲ್ಲ ಅರ್ಥವಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ!

"ಯಾಕ್ರೀ ನನಗೆ ಹೇಳ್ಲಿಲ್ಲ?"

ಅವನು ಜರಡಿಯಿಂದ ಕಣ್ಣೆತ್ತಲಿಲ್ಲ. "ಹೇಳಿದ್ರೆ ಬೈತಿದ್ರಿ."

"ಹೇಳದಿದ್ರೂ ಬೈತೀನಿ!"

"ಗೊತ್ತು." ಅವನು ನಿಟ್ಟುಸಿರು ಬಿಟ್ಟ. "ನನ್ನ ಕಣ್ಣೆದುರೇ ಗಾಜಿನಿಂದ ಎರಡನೇ ಆಮೆ ನೋವು ತಿಂತು ಮೇಡಂ. ನಿಮಗೆ ಕೊಡೋಕೆ ನನ್ನ ಹತ್ರ ಮಾತಿರ್ಲಿಲ್ಲ. ಜಾಗ ಇತ್ತು. ದೊರೆ ನಿಮ್ಮದೇ. ದಿನಾ ಬಂದು ಬಿಟ್ಟು ಹೋಗಿ. ನನ್ನ ಮುಖ ನೋಡಬೇಕಂತಲೂ ಇಲ್ಲ, ಪಕ್ಕದ ಗಲ್ಲಿಯಿಂದ ಬಾಗಿಲಿದೆ. ಆದ್ರೆ ಇವತ್ತು ಬಿಡಬೇಡಿ. ಇನ್ನೊಂದು ಸಲ ಜರಡಿ ಹಿಡೀತೀನಿ. ಒಂದು ಚೂರು ಉಳಿದಿದ್ರೂ ಅದರ ಕಾಲಿಗೆ..."

ಅವಳು ಬುಟ್ಟಿಯನ್ನು ಅತ್ತೆಯ ಕೈಗೆ ಕೊಟ್ಟಳು. ಚಪ್ಪಲಿ ಬಿಟ್ಟಳು.

"ಏನು ಮಾಡ್ತಿದ್ದೀರಿ?"

"ದೊರೆ ಬರಿಗಾಲಲ್ಲಿ ನಡೀಬೇಕಲ್ವಾ? ಮೊದಲು ನಾನು ನಡೀತೀನಿ."

"ಬೇಡ! ಹುಚ್ಚಾ ನಿಮಗೆ? ಚಪ್ಪಲಿ ಹಾಕ್ಕೊಳ್ಳಿ!"

ಅವಳು ಮಣ್ಣಿಗೆ ಇಳಿದಾಗಿತ್ತು. ಇಪ್ಪತ್ತು ವರ್ಷದ ಗಾಜು ಬಿದ್ದ ನೆಲ. ಪಾದದ ಕೆಳಗೆ ಈಗ ಹಿಟ್ಟಿನ ಹಾಗೆ ಮೆತ್ತಗೆ, ಬಿಸಿಲಿಗೆ ಬೆಚ್ಚಗೆ. ಈ ಮೂಲೆಯಿಂದ ಆ ಮೂಲೆಗೆ, ಒಂದೊಂದೇ ಹೆಜ್ಜೆ, ದೊರೆಯಷ್ಟೇ ನಿಧಾನ. ಅವನು ಉಸಿರು ಹಿಡಿದು ಅವಳ ಪಾದವನ್ನೇ ನೋಡುತ್ತಿದ್ದ.

ಕೊನೆಯ ಮೂಲೆಯಲ್ಲಿ ಅವಳು ನಿಂತಳು.

"ಅಯ್ಯೋ!"

ಜರಡಿ ಎಲ್ಲಿ ಬಿತ್ತೋ! ಅವನು ಒಂದೇ ನೆಗೆತಕ್ಕೆ ಬಂದು ಅವಳ ಕಾಲ ಬಳಿ ಕುಸಿದಿದ್ದ.

"ಎಲ್ಲಿ? ಎಲ್ಲಿ ಚುಚ್ತು? ಕಾಲೆತ್ತಿ!"

"ಎಲ್ಲೂ ಇಲ್ಲ. ನಿಮಗೂ ಹೆದರಿಕೆ ಆಗುತ್ತಾ ಅಂತ ನೋಡ್ದೆ."

ಅವನು ಎದ್ದು ನಿಂತ. ಎಂಟು ತಿಂಗಳು ಬೈಸಿಕೊಂಡೂ ಸುಮ್ಮನಿದ್ದವನ ಮುಖ ಈಗ ಕೆಂಡದಂತಾಯಿತು.

"ತಮಾಷೆನಾ ಇದು? ಜೀವ ಬಾಯಿಗೆ ಬಂತು ನಂಗೆ! ನಾನಿಲ್ಲಿ ಒಂಬತ್ತು ದಿನ ಮಣ್ಣಲ್ಲಿ ಕೈ ಕುಯ್ಕೊಂಡಿದ್ದು ಬರೀ ಆಮೆಗೋಸ್ಕರ ಅಂದ್ಕೊಂಡ್ರಾ? ನಿಮ್ಮ ಬೀದಿ ನನ್ನ ದಾರೀಲೇ ಇಲ್ಲ! ಎಂಟು ತಿಂಗಳು ದಿನಾ ಸೈಕಲ್ ತಿರುಗಿಸ್ಕೊಂಡು ಬಂದಿದ್ದು ಸೊಪ್ಪು ಕೊಡೋಕಾ?!"



ಅವನಿಗೆ ತಾನು ಏನಂದೆ ಅಂತ ಆಮೇಲೆ ತಿಳಿಯಿತು. ಕಿವಿಯ ಪೆನ್ಸಿಲ್ಲಿಗೆ ಕೈ ಹೋಯಿತು. ಅದು ಅಲ್ಲಿರಲಿಲ್ಲ.

"ದೊರೆಗೆ ಹೊಟ್ಟೆ ಹಸಿದಿದೆ ಅನ್ಸುತ್ತೆ" ಎಂದು ಅತ್ತೆ ಯಾರಿಗೂ ಅಲ್ಲದ ಹಾಗೆ ಹೇಳಿ, ಬುಟ್ಟಿಯನ್ನು ಮಣ್ಣಿನಲ್ಲಿ ಓರೆ ಮಾಡಿ, ಅಂಗಡಿಯ ಕನ್ನಡಿಗಳನ್ನು ನೋಡಲು ಒಳಗೆ ಹೋದರು.

ದೊರೆ ಕತ್ತು ಚಾಚಿತು. ಹಿಂಗಾಲು ಇನ್ನೂ ಎಳೆಯುತ್ತಿತ್ತು, ಆದರೂ ನಡೆಯಿತು. ಬಿಸಿಲಿರುವ ಕಡೆಗೇ ಹೋಯಿತು.

ಅವಳು ಅವನ ಕೈಯ ಬಟ್ಟೆಯನ್ನು ಬಿಚ್ಚಿ ನೋಡಿದಳು.

"ಯಾರ್ರೀ ಇದನ್ನ ಕಟ್ಟಿದ್ದು? ಗೋಣಿಚೀಲ ಕಟ್ಟಿದ ಹಾಗಿದೆ!" ಸಿಟ್ಟಿನಲ್ಲೇ ತನ್ನ ಹೆಗಲ ಬಟ್ಟೆಯ ಅಂಚು ಹರಿದು ಸುತ್ತತೊಡಗಿದಳು. ಒಂದು ಹನಿ ಕಣ್ಣೀರು ಅವನ ಅಂಗೈಗೆ ಬಿತ್ತು. "ಅವತ್ತು ಸುಳ್ಳು ಅಂದೆ. ಅದು ನನ್ನ ತಪ್ಪು. ನನ್ನ ಸಿಟ್ಟಿನ ಪಕ್ಕ ಯಾವ ಜೀವಾನೂ ಬಾಳಲ್ಲ ಅಂತ ಒಬ್ಬರು ಹೇಳಿದ್ರು..."

"ಯಾರದು ಹೇಳಿದ್ದು? ಕಾಲುದಾರೀಲಿ ಸ್ಟೂಲ್ ಹಾಕ್ಕೊಂಡು ಆಮೆ ಕಾಯೋ ಸಿಟ್ಟನ್ನ ಅವರು ನೋಡಿಲ್ಲ ಬಿಡಿ."

"ನೀವು ನೋಡಿದ್ರಾ?"

"ದಿನಾ. ಬೀದಿ ಕೊನೇಲಿ ನಿಂತು."

ಅವಳ ಕೈ ನಿಂತಿತು. ಗಂಟು ಮಾತ್ರ ಬಿಡಲಿಲ್ಲ.

ಅಷ್ಟರಲ್ಲಿ ಕರಕ್ ಎಂಬ ಸದ್ದು. ಇಬ್ಬರೂ ತಿರುಗಿದರು. ದೊರೆ, ಸಾಲಾಗಿ ನೆಟ್ಟ ಕಳೆಗಿಡದ ಮೊದಲನೆಯದನ್ನು ಕಚ್ಚಿತ್ತು. ಅರ್ಧ ಎಲೆ ಬಾಯೊಳಗೆ, ಅರ್ಧ ಹೊರಗೆ.

"ತಿಂತಿದೆ!" ಅವಳು ಅಳುತ್ತಾ ನಕ್ಕಳು. "ಇನ್ನೂ ಅರವತ್ತು ವರ್ಷ ಬದುಕುತ್ತಂತೆ ಇದು. ಡಾಕ್ಟರಮ್ಮ ಹೇಳಿದ್ರು."

"ಅರವತ್ತು ವರ್ಷ..." ಅವನು ಕೈಯನ್ನು ಅವಳ ಕೈಯಲ್ಲೇ ಬಿಟ್ಟು ಕೇಳಿದ. "ಅಷ್ಟೂ ವರ್ಷ ಹೀಗೇ ಬೈತೀರಾ?"

"ಒಂದು ದಿನಾನೂ ಬಿಡಲ್ಲ!"

"ಸರಿ," ಎಂದ ಅವನು, ತುಟಿಯ ಎರಡೂ ಮೂಲೆ ಏರಿತ್ತು ಈಗ. "ಹಾಗಾದ್ರೆ ಆ ಪಕ್ಕದ ಗಲ್ಲಿ ಬಾಗಿಲು ಮುಚ್ಚಿಬಿಡ್ಲಾ? ಮುಂದಿನ ಬಾಗಿಲಿಂದಲೇ ಬನ್ನಿ."

"ಬರ್ತೀನಿ. ಆದ್ರೆ ಮೊದಲು ಅದನ್ನ ಮರದ್ದು ಮಾಡ್ಸಿ. ಸಿಟ್ಟು ಬಂದಾಗ ದಢಾರ್ ಅಂತ ಹಾಕೋಕೆ ಒಂದು ಬಾಗಿಲು ಬೇಕು ನಂಗೆ!"